ಗೇಟಿಗೆ ಕಲಿತ ನಡಿಗೆ

ಅತಿಯಾ ಎಂಬ ಹೆಂಗಸಿಗೆ ಸಂಬಳ ಬರುತ್ತಿದ್ದುದು ನಡೆಯುವುದಕ್ಕೆ. ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಟ್ರೋ ನಿಲ್ದಾಣಗಳ ಟಿಕೆಟ್ ಗೇಟುಗಳು ತಯಾರಾಗುತ್ತಿದ್ದವು. ಲಾರಿ ಹತ್ತುವ ಮೊದಲು ಅವು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡಬೇಕಲ್ಲ, ಅದಕ್ಕೆ ಮನುಷ್ಯರು ಬೇಕು. ಅತಿಯಾ ಕಾರ್ಡು ತೋರಿಸಿ ಗೇಟು ದಾಟಬೇಕು, ಸುತ್ತಿ ಬರಬೇಕು, ಮತ್ತೆ ದಾಟಬೇಕು. ದಿನಕ್ಕೆ ಐನೂರು ಸಲ. ತರಾತುರಿ ಇದ್ದ ದಿನ ಆರುನೂರು. ಎರಡು ವರ್ಷ ನಾಲ್ಕು ತಿಂಗಳು ಆಕೆ ಹೀಗೆ ನಡೆದಳು. ಕೊನೆಗೆ ಒಂದು ದಿನ ಮನುಷ್ಯರು ನಡೆಯುವ ಹಾಗೆ ನಡೆದದ್ದಕ್ಕೆ ಅವಳನ್ನು ಹೊರಗೆ ಹಾಕಿದರು.

ಕಾರ್ಖಾನೆಯ ಹೆಸರು ಇಲ್ಲಿ ಬೇಡ. ನಾನು ಬಿಡದಿಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಚನ್ನಪಟ್ಟಣದಿಂದ ಬೆಳಗಿನ ರೈಲಿನಲ್ಲಿ ಆಕೆಯೂ ನಾನೂ ಒಂದೇ ಬೋಗಿಯಲ್ಲಿ ಹೋಗಿಬರುತ್ತಿದ್ದೆವು. ಇಲ್ಲಿರುವುದರಲ್ಲಿ ಹೆಚ್ಚಿನದು ಆಕೆ ಕಂಬಿ ಹಿಡಿದು ನಿಂತುಕೊಂಡೇ ನನಗೆ ಹೇಳಿದ್ದು.

ಅತಿಯಾ ಹುಟ್ಟಿದ್ದು ರಾಮನಗರದಲ್ಲಿ, ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲಿ. ಹನ್ನೆರಡನೆಯ ವಯಸ್ಸಿಗೇ ಕುದಿನೀರಿನ ತೊಟ್ಟಿಗೆ ಕೈ ಇಟ್ಟವಳು. ಬೆಂದ ಗೂಡಿನಿಂದ ಎಳೆಯ ತುದಿ ಹುಡುಕುವುದರಲ್ಲಿ ಅವಳಷ್ಟು ಚುರುಕು ಬೆರಳು ಆ ಬೀದಿಯಲ್ಲೇ ಇರಲಿಲ್ಲವಂತೆ. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದಳು. ಗಂಡ ಇಸ್ರಾರ್ ಲೇತ್ ಮೇಲೆ ಮರದ ಗೊಂಬೆ ಕಡೆಯುವವನು, ಮಾತು ಕಡಿಮೆ. ಮದುವೆಯಾದ ಮೇಲೂ ನೂಲಿನ ಕೆಲಸ ಬಿಡಲಿಲ್ಲ. ಮೂವತ್ತೇಳಕ್ಕೆ ಬೆರಳಿನ ಚರ್ಮ ಒಡೆದು ಹುಣ್ಣಾಗಿ ಮಾಯದೇ ಹೋಯಿತು. ಡಾಕ್ಟರು ಇನ್ನು ಬಿಸಿನೀರು ಮುಟ್ಟಬೇಡ ಎಂದರು. ಅದೇ ಹೊತ್ತಿಗೆ ಪಕ್ಕದ ಮನೆಯ ರೋಶನ್ ಬೀ ಒಂದು ಸುದ್ದಿ ತಂದಳು. ಬಿಡದಿಯ ಕಾರ್ಖಾನೆಯೊಂದಕ್ಕೆ ಹೆಂಗಸರು ಬೇಕಂತೆ, ಸೀರೆ ಉಡುವವರೂ ಬೇಕಂತೆ, ಬುರ್ಖಾ ತೊಡುವವರೂ ಬೇಕಂತೆ.

“ಬುರ್ಖಾ ಹಾಕ್ಕಂಡ್ ಬಂದ್ರೆ ಕೆಲ್ಸ ಕೊಡ್ತೀವಿ ಅಂದೋರ್ನ ನಾನ್ ಹುಟ್ಟಿದ್ಮೇಲೆ ಅದೇ ಮೊದ್ಲು ನೋಡಿದ್ದು ಮೇಷ್ಟ್ರೇ,” ಎಂದು ಅತಿಯಾ ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ಕೆಲಸ ಅವಳಿಗೆ ಹಿಡಿಸಿತ್ತು. ಗೇಟು ಎಂದರೆ ಸೊಂಟದೆತ್ತರದ ಎರಡು ಉಕ್ಕಿನ ಪೆಟ್ಟಿಗೆ, ನಡುವೆ ಒಬ್ಬರು ಹೋಗುವಷ್ಟು ದಾರಿ, ದಾರಿಗೆ ಅಡ್ಡ ಎರಡು ರೆಕ್ಕೆ. ಕಾರ್ಡು ತೋರಿಸಿದರೆ ರೆಕ್ಕೆ ಪೆಟ್ಟಿಗೆಯೊಳಕ್ಕೆ ಸರಿಯುತ್ತದೆ, ದಾಟಿದ ಮೇಲೆ ಮುಚ್ಚಿಕೊಳ್ಳುತ್ತದೆ. ಪೆಟ್ಟಿಗೆಯ ಒಳಮೈಗೆ ಸಾಲಾಗಿ ಕಣ್ಣುಗಳಿವೆ, ಕಾಣದ ಬೆಳಕಿನವು. ಯಾರು ಬಂದರು, ಎಷ್ಟು ಜನ ಬಂದರು ಎಂದು ಎಣಿಸುವುದು ಅವು. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವನು ಚೈತನ್ಯ ಎಂಬ ಇಂಜಿನಿಯರ್. ಇಪ್ಪತ್ತಾರರ ಸಣಕಲ, ಸದಾ ಕೈಯಲ್ಲೊಂದು ಲ್ಯಾಪ್‌ಟಾಪು, ಯಾರ ಜೊತೆಗೂ ದನಿ ಏರಿಸದವನು.

ಜೊತೆಗೆ ನಡೆಯುತ್ತಿದ್ದವಳು ಕೂಟಗಲ್ ಕಡೆಯ ಸಿದ್ದಮ್ಮ. ಐವತ್ತು ದಾಟಿದ್ದಳು, ಗಿಡ್ಡ ಆಳು, ಮನೆಯಲ್ಲಿ ಎರಡು ಸೀಮೆಹಸು, ಒಂದಷ್ಟು ರಾಗಿ ಹೊಲ. ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹತ್ತಿ ಬರುತ್ತಿದ್ದಳು. ಎಲ್ಲ ಥರದ ಉಡುಪಿನವರನ್ನೂ ಗೇಟು ಸರಿಯಾಗಿ ಎಣಿಸಬೇಕಿತ್ತು. ಸೀರೆ ಉಟ್ಟವರ ಲೆಕ್ಕಕ್ಕೆ ಅವಳು, ಬುರ್ಖಾ ಲೆಕ್ಕಕ್ಕೆ ಅತಿಯಾ. ಊಟದ ಹೊತ್ತಿಗೆ ಇಬ್ಬರ ಬುತ್ತಿಯೂ ಒಂದೇ ಕಡೆ ಬಿಚ್ಚಿಕೊಳ್ಳುತ್ತಿತ್ತು.

ಅವರಿಬ್ಬರಿಗೂ ತಮಾಷೆ ಅನ್ನಿಸುತ್ತಿದ್ದುದು ಕಳ್ಳರಾಗುವ ಪರೀಕ್ಷೆ. ಟಿಕೆಟ್ ಇಲ್ಲದವರು ಗೇಟು ದಾಟುವುದು ಹೇಗೆ? ಟಿಕೆಟ್ ಇರುವವರ ಬೆನ್ನಿಗೆ ಅಂಟಿಕೊಂಡು. ಹಾಗೆ ಅಂಟಿಕೊಂಡು ಬಂದವರನ್ನು ಗೇಟು ಹಿಡಿಯಬೇಕು, ನೂರಕ್ಕೆ ತೊಂಬತ್ತೈದು ಸಲ. ಕೊಳ್ಳುವವರು, ಅಂದರೆ ಬೇರೆ ರಾಜ್ಯದ ಒಂದು ದೊಡ್ಡ ಊರಿನ ಮೆಟ್ರೋದವರು ಹಾಕಿದ್ದ ಷರತ್ತು ಅದು. ಅತಿಯಾ ಮುಂದೆ, ಸಿದ್ದಮ್ಮ ಹಿಂದೆ. ಆಮೇಲೆ ಸಿದ್ದಮ್ಮ ಮುಂದೆ, ಅತಿಯಾ ಹಿಂದೆ. ಮೊದಮೊದಲು ಸಿಕ್ಕಿಬೀಳುತ್ತಿದ್ದರು. ಮೂರು ತಿಂಗಳಿಗೆ ಅತಿಯಾ ಪಳಗಿದಳು. ಮುಂದಿನವರ ಎಡಗಾಲು ಎದ್ದಾಗ ತನ್ನ ಎಡಗಾಲು, ಬಲಗಾಲಿಗೆ ಬಲಗಾಲು, ನಡುವೆ ಬೆಳಕು ತೂರದಷ್ಟು ಹತ್ತಿರ. ಗೇಟು ಇಬ್ಬರನ್ನೂ ಒಬ್ಬರೆಂದೇ ಎಣಿಸಿ ಹಸಿರು ದೀಪ ಹಾಕುತ್ತಿತ್ತು.

“ನೀನು ಇದ್ರಲ್ಲೇ ಬದುಕ್ಬೋದಲ್ಲವ್ವ,” ಎಂದು ಸಿದ್ದಮ್ಮ ಛೇಡಿಸುತ್ತಿದ್ದಳು.

ಕಾರ್ಖಾನೆಯ ಮ್ಯಾನೇಜರಿಗೆ ಇದು ತಮಾಷೆಯಾಗಿರಲಿಲ್ಲ. ಗೇಟು ಕಳ್ಳರನ್ನು ಹಿಡಿಯುವ ಲೆಕ್ಕ ನೂರಕ್ಕೆ ಎಂಬತ್ತರ ಮೇಲೆ ಹೋಗುತ್ತಲೇ ಇರಲಿಲ್ಲ. ಕಣ್ಣುಗಳ ಸಾಲು ಹೆಚ್ಚಿಸಬೇಕು, ಪೆಟ್ಟಿಗೆ ಉದ್ದ ಮಾಡಬೇಕು ಎಂದು ಚೈತನ್ಯ ಬರೆದುಕೊಟ್ಟ. ಅದಕ್ಕೆ ಖರ್ಚು ಜಾಸ್ತಿ, ತಡವೂ ಆಗುತ್ತದೆ. ಮ್ಯಾನೇಜರ್ ಸುಲಭದ ದಾರಿ ಹಿಡಿದರು. ರೆಕ್ಕೆ ಬೇಗ ಮುಚ್ಚಲಿ ಎಂದರು. ಮೊದಲಿನವರು ದಾಟುತ್ತಿದ್ದ ಹಾಗೇ, ಹಿಂದಿನವನು ಕಾಲಿಡುವ ಮೊದಲೇ ಬಡಿಯಲಿ. ಚೈತನ್ಯ ಬೇಡ ಅಂದನೋ ಇಲ್ಲವೋ, ಅಂದಿದ್ದರೂ ಯಾರಿಗೂ ಕೇಳಿಸುವ ಹಾಗೆ ಅನ್ನಲಿಲ್ಲ. ಲ್ಯಾಪ್‌ಟಾಪಿನಲ್ಲಿ ರೆಕ್ಕೆ ಮುಚ್ಚುವ ಹೊತ್ತಿನ ಅಂಕಿ ಬದಲಾಯಿಸಿದ.

ಅಂಕಿ ಬದಲಾದ ಮೂರನೆಯ ದಿನ ಸಿದ್ದಮ್ಮ ಬಿದ್ದಳು.

ಆಗ ಅವಳೇನೂ ಕಳ್ಳಿಯ ಪಾತ್ರ ಮಾಡುತ್ತಿರಲಿಲ್ಲ. ಕೈಯಲ್ಲಿ ಕಾರ್ಡು, ಹೆಗಲಿಗೆ ಚೀಲ, ಒಬ್ಬಳೇ. ಬೆಳಿಗ್ಗೆಯಿಂದ ಮುನ್ನೂರು ಸಲ ಸುತ್ತಿ ಮಂಡಿ ಸೋತಿತ್ತು, ಹೆಜ್ಜೆ ಒಸಿ ನಿಧಾನವಾಯಿತು. ಎರಡು ರೆಕ್ಕೆಗಳೂ ಅವಳ ಸೊಂಟಕ್ಕೆ ಬಡಿದವು. ಮುಂದಕ್ಕೆ ಕವುಚಿ ಬಿದ್ದು ಕೈ ಊರಿದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿದ ಸದ್ದು ತನಗೂ ಕೇಳಿಸಿತು ಎಂದು ಅತಿಯಾ ಹೇಳುತ್ತಿದ್ದಳು. ಗೇಟು ಕೆಂಪು ದೀಪ ಹಾಕಿಕೊಂಡು, ಕಳ್ಳ ಸಿಕ್ಕಿಬಿದ್ದ ಎಂದು ಕುಂಯ್‌ಗುಡುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ತೋಚಲಿಲ್ಲ. ಅತಿಯಾನೇ ಹೋಗಿ ಗೋಡೆಯ ಸ್ವಿಚ್ಚು ಆರಿಸಿದಳು.

ಸಿದ್ದಮ್ಮನನ್ನು ಆಸ್ಪತ್ರೆಗೆ ಕಳಿಸಿದರು. ಸಂಜೆ ಚೈತನ್ಯ ಆ ದಿನದ ಹಾಳೆಯನ್ನು ಅತಿಯಾಳ ಮುಂದಿಟ್ಟ. ನಡೆದವರು ದಿನದ ಕೊನೆಗೆ ಅದಕ್ಕೆ ಸಹಿ ಹಾಕಬೇಕಿತ್ತು. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಯಾವತ್ತೂ ಕೇಳದೆ ಸಹಿ ಹಾಕುತ್ತಿದ್ದಳು. ಅವತ್ತು ಕೇಳಿದಳು.

“ಸಿದ್ದಕ್ಕನ್ ವಿಷ್ಯ ಎಲ್ ಬರ್ದೀರಾ ಸಾರ್?”

ಚೈತನ್ಯ ಒಂದು ಸಾಲು ತೋರಿಸಿದ.

“ಏನಂತೈತೆ?”

“ಯೂಸರ್ ಎರರ್ ಅಂತ. ಅಂದ್ರೆ... ನಡೆದವರ ತಪ್ಪು.”

“ಯಾರ್ ತಪ್ಪು?”

“ಅದು ಫಾರಂನಲ್ಲಿ ಇರೋ ಮಾತು ಅಷ್ಟೇ. ಬೇರೆ ಕಾಲಂ ಇಲ್ಲ.”

“ಕಾಲಂ ಇಲ್ವಾ? ಗೇಟಿನ್ ತಪ್ಪು ಅಂತ ಬರ್ಯೋಕೆ ಒಂದ್ ಜಾಗಾನೂ ಮಡಗಿಲ್ವಾ ನೀವು? ಮೂಳೆ ಮುರ್ಕಂಡೋಳು ಅವ್ಳು, ತಪ್ಪು ಅವ್ಳ್ದೇಯಾ?” ಅತಿಯಾ ಪೆನ್ನು ಮೇಜಿನ ಮೇಲೆ ಕುಕ್ಕಿದಳು. “ನಾನ್ ಸೈನ್ ಹಾಕಲ್ಲ. ಏನ್ ಮಾಡ್ತೀರೋ ಮಾಡ್ಕಳಿ.”

ಅವಳ ಕೆಲಸ ಅವತ್ತೇ ಹೋಗಬೇಕಿತ್ತು. ಹೋಗಲಿಲ್ಲ. ಹದಿನೈದು ದಿನಕ್ಕೆ ಕೊಳ್ಳುವವರ ಕಡೆಯಿಂದ ಪರೀಕ್ಷೆಗೆ ಬರುವವರಿದ್ದರು. ಕೆಂಪು ದೀಪ ಹೊತ್ತಿಸದೆ ಗೇಟು ದಾಟುವವರು ಇಡೀ ಕಾರ್ಖಾನೆಯಲ್ಲಿ ಅತಿಯಾ ಒಬ್ಬಳೇ. ಮ್ಯಾನೇಜರ್ ಕರೆದು ಕೂರಿಸಿ, ಸಿದ್ದಮ್ಮನ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತೇವೆ, ನೀನು ಸಮಾಧಾನವಾಗಿ ಕೆಲಸ ಮಾಡು ಎಂದರು. ಹಾಳೆಗೆ ಬೇರೆ ಯಾರದೋ ಸಹಿ ಬಿತ್ತು.

ಆ ವಾರ ಅತಿಯಾ ರೈಲಿನಲ್ಲಿ ರಾಮನಗರ ದಾಟಿ ಬಂಡೆಗಳು ಹಿಂದಕ್ಕೆ ಹೋಗುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಸ್ಪತ್ರೆಯವರು ಸಿದ್ದಮ್ಮನ ಕೈಗೆ ಪ್ಲಾಸ್ಟರ್ ಹಾಕಿ ಕಳಿಸಿದ್ದರು. ಹಾಲು ಕರೆಯಲು ಆಗುತ್ತಿರಲಿಲ್ಲ. ಒಂದು ಹಸು ಬೇರೆಯವರ ಕೈಗೆ ಒಗ್ಗದೆ ಒದೆಯುತ್ತಿತ್ತಂತೆ.

ಭಾನುವಾರ ಅವಳು ಗಂಡನ ಜೊತೆ ಚನ್ನಪಟ್ಟಣದ ಪೇಟೆ ಬೀದಿಯಲ್ಲಿ ತರಕಾರಿಗೆ ಹೋಗಿದ್ದಳು. ಇಸ್ರಾರ್ ಹಿಂದೆ ಬರುತ್ತಿದ್ದವನು ತಟ್ಟನೆ ಕೇಳಿದನಂತೆ, “ಯಾಕೆ ಹಂಗ್ ನಡೀತಿದೀಯಾ?”

“ಹೆಂಗೆ?”

“ಕೈ ಎರಡೂ ಮೈಗೆ ಒತ್ಕಂಡು, ಬುರ್ಖಾ ಮುದುಡ್ಕಂಡು. ಯಾರೋ ಅಟ್ಟಿಸ್ಕಂಡ್ ಬತ್ತಾವ್ರೆ ಅನ್ನೋಹಂಗೆ.”

ಅವಳು ಬೀದಿಯ ನಡುವೆ ನಿಂತುಬಿಟ್ಟಳು. ಹೌದು, ಹಾಗೇ ನಡೆಯುತ್ತಿದ್ದಳು. ಬುರ್ಖಾದ ಅಂಚು ಹಾರಿದರೆ ಗೇಟಿನ ಕಣ್ಣು ಅದನ್ನು ಎರಡನೆಯ ಮನುಷ್ಯ ಎಂದು ಎಣಿಸುತ್ತದೆ, ಆದ್ದರಿಂದ ಮುದುಡಿ ಹಿಡಿಯಬೇಕು. ಕೈ ಬೀಸಿದರೆ ಕೆಂಪು, ಆದ್ದರಿಂದ ಒತ್ತಿಕೊಳ್ಳಬೇಕು. ಅಂಕಿ ಬದಲಾದ ಮೇಲಂತೂ ನಿಧಾನವಾದರೆ ಬಡಿತ, ಆದ್ದರಿಂದ ಓಡಬೇಕು. ಎರಡು ವರ್ಷದಲ್ಲಿ ಯಾರೂ ಹೇಳಿಕೊಡದೆ ಅವಳ ಮೈ ಇದನ್ನೆಲ್ಲ ಕಲಿತುಬಿಟ್ಟಿತ್ತು. ಕಾರ್ಖಾನೆಯವರು ತಿದ್ದಿದ್ದು ಗೇಟನ್ನಲ್ಲ, ಅವಳನ್ನು. ಈಗ ತಿದ್ದಿದ ಅವಳನ್ನು ನಡೆಸಿ, ನೋಡಿ ಗೇಟು ಸರಿಯಾಗಿದೆ ಎಂದು ಸಹಿ ಹಾಕಿಸಿಕೊಳ್ಳಲು ಹೊರಟಿದ್ದರು.

“ಮೈಯೆಲ್ಲಾ ಉರ್ದೋಯ್ತು ಮೇಷ್ಟ್ರೇ,” ಎಂದಳು ಸೋಮವಾರ. “ನನ್ನ ನಡಿಗೇನೇ ಕದ್ಬುಟ್ಟವ್ರೆ. ಟಿಕೆಟ್ ಇಲ್ದೆ ಹೋದೋನ್ ಕಳ್ಳ ಅಂತಾರಲ್ಲ, ಇವ್ರಿಗೆ ಏನನ್ಬೇಕು?”

ಪರೀಕ್ಷೆಯ ದಿನ ಬಂತು. ಕೊಳ್ಳುವವರ ಪರವಾಗಿ ನೋಡಲು ಬಂದವರು ದೇವರಾಜ್, ಆ ಮೆಟ್ರೋದಲ್ಲಿ ಕೆಲಸಕ್ಕಿದ್ದ ಮೈಸೂರಿನ ಕಡೆಯ ಹಿರಿಯ ಇಂಜಿನಿಯರ್. ಜೊತೆಗೆ ಬರೆದುಕೊಳ್ಳುವವರು ಇಬ್ಬರು. ಮ್ಯಾನೇಜರ್ ಹೊಸ ಅಂಗಿ ತೊಟ್ಟಿದ್ದರು. ಗೇಟಿಗೂ ಹೊಸ ಸ್ಟಿಕ್ಕರು ಅಂಟಿಸಿದ್ದರು.

ಅತಿಯಾ ಮೊದಲ ಹತ್ತು ಸಲ ಕಲಿತ ಹಾಗೇ ನಡೆದಳು. ಹತ್ತೂ ಹಸಿರು. ಮ್ಯಾನೇಜರ್ ದೇವರಾಜ್ ಕಡೆ ತಿರುಗಿ ಮುಗುಳ್ನಕ್ಕರು. ಹನ್ನೊಂದನೆಯ ಸಲಕ್ಕೆ ಅವಳು ನಿಂತಳು. ಮುದುಡಿ ಹಿಡಿದಿದ್ದ ಬುರ್ಖಾ ಬಿಟ್ಟಳು. ಪರೀಕ್ಷೆಗೆಂದು ಮೇಜಿನ ಮೇಲಿಟ್ಟಿದ್ದ ದೊಡ್ಡ ಗೊಂಬೆಯನ್ನು ಸೊಂಟಕ್ಕೇರಿಸಿದಳು, ಇನ್ನೊಂದು ಕೈಗೆ ಗೋಣಿ ಚೀಲ ತೆಗೆದುಕೊಂಡಳು. ಕಾರ್ಡು ಒತ್ತಿ, ಹೆಂಗಸೊಬ್ಬಳು ಮಗು ಎತ್ತಿಕೊಂಡು ಹೇಗೆ ನಡೆಯುತ್ತಾಳೋ ಹಾಗೆ ನಡೆದಳು. ರೆಕ್ಕೆ ಬಡಿಯಿತು. ಗೊಂಬೆಯ ಕಾಲು ಸಿಕ್ಕಿಕೊಂಡಿತು. ಕೆಂಪು ದೀಪ, ಕುಂಯ್ ಸದ್ದು.

“ಸುಸ್ತಾಗಿದಾಳೆ ಪಾಪ,” ಎಂದರು ಮ್ಯಾನೇಜರ್.

ಅವಳು ಸುತ್ತಿ ಬಂದು ಮತ್ತೆ ನಡೆದಳು. ಮತ್ತೆ ಕೆಂಪು. ಮತ್ತೆ ನಡೆದಳು. ಕೆಂಪು.

ದೇವರಾಜ್ ಬರೆಯುವುದನ್ನು ನಿಲ್ಲಿಸಿದರು. “ಏನಮ್ಮಾ, ಈಗ ಬೇರೆ ಥರ ನಡೆದ್ರಲ್ಲ?”

“ಇದೇ ಸಾರ್ ನನ್ ನಡಿಗೆ. ಮೊದ್ಲು ತೋರ್ಸಿದ್ದು ಈ ಗೇಟಿಗೆ ಕಲ್ತಿದ್ದು. ನಿಮ್ಮೂರ್ ಹೆಂಗಸ್ರು ಎರಡು ವರ್ಷ ಇಲ್ಲಿಗ್ ಬಂದು ಕಲ್ತ್ಕಂಡು ಹೋಯ್ತಾರಾ?”

ಮ್ಯಾನೇಜರ್ ಅಡ್ಡ ಬಂದರು. ದೇವರಾಜ್ ಕೈ ಎತ್ತಿ ತಡೆದರು. ಅಷ್ಟರಲ್ಲಿ ಕ್ಯಾಂಟೀನಿನ ವೆಂಕಟಲಕ್ಷ್ಮಮ್ಮ ಬಂದವರಿಗೆಂದು ಟೀ ತಟ್ಟೆ ಹಿಡಿದು ಅಲ್ಲಿಗೆ ಬಂದಿದ್ದಳು. ಅರವತ್ತರ ಆಸುಪಾಸಿನವಳು. ಅತಿಯಾ ಅವಳ ಕೈಗೆ ಕಾರ್ಡು ಕೊಟ್ಟು, “ಅಮ್ಮ, ಇಲ್ಲಿಂದ ಆಕಡೀಕ್ ಹೋಗಿ. ಮೆತ್ತಗೆ,” ಎಂದಳು. ಆಕೆ ತಟ್ಟೆ ಎತ್ತಿ ಹಿಡಿದುಕೊಂಡೇ ಹೊರಟಳು. ಎರಡನೆಯ ಹೆಜ್ಜೆಗೆ ರೆಕ್ಕೆ ಮುಂದೆ ಬಂದು ಬಡಿಯಿತು. ತಟ್ಟೆ ಜಾರಿತು. ಟೀ ಉಕ್ಕಿನ ಪೆಟ್ಟಿಗೆಯ ಮೇಲೆಲ್ಲ ಚೆಲ್ಲಿತು. ಮುದುಕಿ ಹೆದರಿ, ತಪ್ಪಾಯ್ತು ಸಾಮಿ, ತಪ್ಪಾಯ್ತು ಎಂದು ಕೈ ಮುಗಿದಳು.

ಅತಿಯಾಳ ತಾಳ್ಮೆ ಹರಿದದ್ದು ಆ ಕೈ ಮುಗಿದದ್ದಕ್ಕೆ.

“ನೀವ್ಯಾಕ್ ಕೈ ಮುಗೀತೀರಾ? ನಿಮ್ ಕೈಯಾಗ್ ಕಾರ್ಡ್ ಇತ್ತು!” ಎಂದು ಕಿರುಚಿದಳು. ಆಮೇಲೆ ಚೈತನ್ಯನ ಕಡೆ ತಿರುಗಿ, “ಬನ್ನಿ ಸಾರ್. ಈಗ ಕಳ್ರನ್ನೂ ತೋರ್ಸನ,” ಎಂದಳು.

ಚೈತನ್ಯ ಮ್ಯಾನೇಜರ್ ಮುಖ ನೋಡಿದ. ನೆಲ ನೋಡಿದ. ಆಮೇಲೆ ಲ್ಯಾಪ್‌ಟಾಪು ಮುಚ್ಚಿಟ್ಟು ಬಂದು ಅವಳ ಹಿಂದೆ ನಿಂತ. ಅವಳು ಕಾರ್ಡು ಒತ್ತಿದಳು. ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ಅವನೂ ದಾಟಿದ. ಒಂದೇ ಕಾರ್ಡು, ಇಬ್ಬರು, ಹಸಿರು ದೀಪ. ಇನ್ನೊಮ್ಮೆ ಹಸಿರು. ಮೂರನೆಯ ಸಲವೂ ಹಸಿರು.

“ಕದ್ದು ಹೋಗೋಕ್ ಕಲ್ತಿರೋನು ಸಲೀಸಾಗ್ ಹೋಯ್ತಾನೆ. ಟಿಕೆಟ್ ತಗಂಡಿರೋ ಮುದುಕಿಗೆ ಹೊಡೀತದೆ. ಇದು ಯಾರ್ನ ತಡ್ಯೋಕೆ ಮಾಡಿರೋ ಗೇಟು ಸಾರ್? ನಮ್ ಸಿದ್ದಕ್ಕ ಕೈ ಮುರ್ಕಂಡು ಮನೇಲ್ ಕೂತವ್ಳೆ. ಅವ್ಳು ಮಾಡಿದ್ ತಪ್ಪು ಅಂತ ಬರ್ಕಂಡವ್ರೆ. ಕೇಳಿ ಇವ್ರನ್ನ!”

ಮ್ಯಾನೇಜರ್ ಮುಖ ಕಪ್ಪಿಟ್ಟಿತು. “ನಿನಗೆ ಯಾರು ಹೇಳಿದ್ರು ಹೀಗೆಲ್ಲ ನಡೀಲಿಕ್ಕೆ?”

“ನಡ್ಯೋಕೂ ನಿಮ್ಮನ್ನ ಕೇಳ್ಬೇಕಾ?”

ಮಧ್ಯಾಹ್ನದ ಊಟಕ್ಕೆ ಮೊದಲೇ ಅವಳ ಗುರುತಿನ ಚೀಟಿ ಕಿತ್ತುಕೊಂಡರು. ದೇವರಾಜ್ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಕಾರ್ಖಾನೆಗೆ ಸಂಬಂಧವಿಲ್ಲದ ನೂರು ಜನರನ್ನು ನಡೆಸಿ ತೋರಿಸಿ, ಅಲ್ಲಿಯವರೆಗೆ ಸಹಿ ಇಲ್ಲ ಎಂದು ಬರೆದು ಹೋದರು. ಅವಳ ಕೆಲಸ ಹೋಯಿತೇ ಎಂದು ಅವರೂ ಕೇಳಲಿಲ್ಲ. ಇದನ್ನು ಅತಿಯಾ ಒತ್ತಿ ಹೇಳುತ್ತಿದ್ದಳು. ಒಳ್ಳೆಯವರ ಮೇಲೂ ಅವಳಿಗೆ ಸಿಟ್ಟಿತ್ತು.

ಒಂದು ತಿಂಗಳ ಮೇಲೆ ಚೈತನ್ಯನ ಫೋನು ಬಂತು. ಹೊರಗಿನಿಂದ ಕರೆಸಿದವರು ದಾಟುವಾಗ ಮೂರರಲ್ಲಿ ಒಂದು ಸಲ ಕೆಂಪು ಬೀಳುತ್ತಿದೆ, ಮ್ಯಾನೇಜರ್ ಕೇಳಿದ್ದಾರೆ, ಒಂದೆರಡು ದಿನ ಬಂದು ಅವರಿಗೆ ನಡೆಯುವುದನ್ನು ಹೇಳಿಕೊಡಲು ಆಗುತ್ತದೆಯೇ ಎಂದ.

ಅತಿಯಾ ಆಗ ಗಂಡನ ಲೇತ್ ಪಕ್ಕ ಕೂತು ಗೊಂಬೆಗಳಿಗೆ ಅರಗಿನ ಬಣ್ಣ ಹಿಡಿಸುತ್ತಿದ್ದಳು. ಕೈಯಲ್ಲಿದ್ದುದನ್ನು ಕೆಳಗಿಟ್ಟು ಎದ್ದು ನಿಂತಳಂತೆ.

“ನಾಚ್ಕೆ ಆಗಲ್ವಾ ಸಾರ್ ನಿಮ್ಗೆ? ನೂರ್ ಜನಕ್ಕೆ ನಡ್ಯೋದ್ ಕಲಿಸ್ಬೇಕಾ ನಾನು? ಒಂದ್ ಗೇಟಿಗೆ ಕಾಯೋದ್ ಕಲ್ಸೋಕೆ ಆಗಲ್ವಾ ನಿಮ್ಗೆ? ಸಿದ್ದಕ್ಕನ್ ಹಾಳೆ ಐತಲ್ಲ, ಅದ್ರಲ್ಲಿ ಗೇಟಿನ್ ತಪ್ಪು ಅಂತ ಬರ್ದು ಸೈನ್ ಹಾಕ್ಕಂಡ್ ಬನ್ನಿ, ಆಮೇಲ್ ಮಾತಾಡಿ.”

ಮಾರನೆಯ ಭಾನುವಾರ ಅವಳು ಸಿದ್ದಮ್ಮನನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತೇವೆ ಎಂದವರು ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಫೋನು ಎತ್ತುವುದನ್ನೇ ಬಿಟ್ಟಿದ್ದರು. ರಾಮನಗರದ ಕಾರ್ಮಿಕ ಅಧಿಕಾರಿಗೆ ಅರ್ಜಿ ಬರೆದುಕೊಡಿ ಎಂದು ಅತಿಯಾ ಕೇಳಿದಳು. ಬರೆದುಕೊಟ್ಟೆ. ನಾನು ಮೂಳೆ ಮುರಿದ ವಿಚಾರ ಮೊದಲು ಬರೆದಿದ್ದೆ. ಅವಳು ಓದಿಸಿಕೊಂಡು, ಅದಲ್ಲ, ತಪ್ಪು ಅವಳದು ಅಂತ ಬರೆದರಲ್ಲ, ಅದು ಮೊದಲು ಬರಲಿ ಎಂದು ಪಟ್ಟು ಹಿಡಿದಳು. ಮತ್ತೆ ಬರೆದೆ.

ವಿಚಾರಣೆ ನಾಲ್ಕು ತಿಂಗಳು ನಡೆಯಿತು. ಎರಡು ಸಲ ಕಾರ್ಖಾನೆಯವರು ಬರಲೇ ಇಲ್ಲ. ಮೂರನೆಯ ಸಲ ಬಂದ ಅವರ ವಕೀಲರು, ನಿಧಾನವಾಗಿ ನಡೆಯಬಾರದೆಂದು ಈ ಹೆಂಗಸಿಗೆ ಮೊದಲೇ ತಿಳಿಸಲಾಗಿತ್ತು ಎಂದರು. ಅತಿಯಾ ಎದ್ದಳು, ಅಧಿಕಾರಿ ಕೂರಿಸಿದರು, ಮತ್ತೆ ಎದ್ದಳು. ನಾಲ್ಕನೆಯ ಸಲ, ಯಾರೂ ಕರೆಯದೆ, ಚೈತನ್ಯ ಬಂದ. ಕಾರ್ಖಾನೆ ಬಿಟ್ಟಿದ್ದನಂತೆ. ರೆಕ್ಕೆ ಮುಚ್ಚುವ ಹೊತ್ತನ್ನು ಯಾವ ದಿನ, ಯಾರು ಹೇಳಿದ್ದಕ್ಕೆ, ಎಷ್ಟರಿಂದ ಎಷ್ಟಕ್ಕೆ ಇಳಿಸಿದೆ ಎಂದು ಒಂದು ಹಾಳೆಯಲ್ಲಿ ಬರೆದು ತಂದಿದ್ದ. ಅಧಿಕಾರಿ ಅದನ್ನು ಎರಡು ಸಲ ಓದಿದರು.

ಆದೇಶ ಸಿದ್ದಮ್ಮನ ಪರವಾಗಿ ಬಂತು. ಕೆಲಸದ ವೇಳೆ ಯಂತ್ರದಿಂದ ಆದ ಗಾಯ, ಕೆಲಸಗಾರಳ ತಪ್ಪಿಲ್ಲ ಎಂದು ಕನ್ನಡದಲ್ಲೇ ಬರೆದಿತ್ತು. ಪರಿಹಾರವೂ ಸಿಕ್ಕಿತು. ಅತಿಯಾಗೆ ಕೆಲಸ ವಾಪಸು ಸಿಗಲಿಲ್ಲ. ಅವಳು ಗುತ್ತಿಗೆಯವಳು, ಅವಳ ಹೆಸರು ಕಾರ್ಖಾನೆಯ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕಚೇರಿಯ ಮೆಟ್ಟಿಲಿಳಿದು ಬಂದಾಗ ಚೈತನ್ಯ ಮರದ ಕೆಳಗೆ ನಿಂತಿದ್ದ. ಸಿದ್ದಮ್ಮ ಹೋಗಿ ಅವನ ಭುಜ ಮುಟ್ಟಿ, “ಚೆನ್ನಾಗಿರಪ್ಪ,” ಎಂದಳು. ಅತಿಯಾ ಹೋಗಲಿಲ್ಲ. ನಿಂತಲ್ಲಿಂದಲೇ ಕೇಳಿದಳು.

“ಗೇಟುಗಳು ಹೋದ್ವಾ?”

“ಹೋದ್ವು. ಮುಚ್ಚೋ ಹೊತ್ತನ್ನ ಮೊದಲಿನ ಹಾಗೇ ನಿಧಾನ ಮಾಡಿದ ಮೇಲೇ ದೇವರಾಜ್ ಸರ್ ಸಹಿ ಹಾಕಿದ್ದು.”

“ಅದು ಅಂಗೇ ಇರ್ತದಾ ಇನ್ಮೇಲೆ?”

“ಅದು ಬರೀ ಒಂದು ಅಂಕಿ. ಅಲ್ಲಿ ಮೆಟ್ರೋ ಆಫೀಸಿನಲ್ಲಿ ಕೂತು ಯಾರು ಬೇಕಾದ್ರೂ ಬದಲಾಯಿಸಬಹುದು. ಟಿಕೆಟ್ ಇಲ್ಲದವರು ಜಾಸ್ತಿ ಅಂತ ಯಾರಾದ್ರೂ ಹೇಳಿದ್ರೆ ಸಾಕು.”

ಅತಿಯಾ ಸಿದ್ದಮ್ಮನ ಎಡಗೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ನಾನು ಹಿಂದೆ ಹೋದೆ. ದಾರಿಯುದ್ದಕ್ಕೂ ಅವಳು ಗೇಟು ಕೊಂಡ ಊರಿನವರನ್ನು, ಮ್ಯಾನೇಜರನ್ನು, ಚೈತನ್ಯನನ್ನು, ಎರಡು ವರ್ಷ ಓದದೆ ಸಹಿ ಹಾಕಿದ ತನ್ನನ್ನೂ ಸೇರಿಸಿ ಬಯ್ಯುತ್ತಿದ್ದಳು, ಅರ್ಧ ಉರ್ದುವಿನಲ್ಲಿ, ಅರ್ಧ ಕನ್ನಡದಲ್ಲಿ. ಸಿದ್ದಮ್ಮ ನಡುನಡುವೆ ಹೂಂ ಅನ್ನುತ್ತಿದ್ದಳು. ಕೂಟಗಲ್ ಬಸ್ಸು ಬಂದಾಗ ಡ್ರೈವರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, “ಒಸಿ ನಿಧಾನ ಕಣಣ್ಣ, ಹತ್ಕಳ್ಳಿ,” ಎಂದು ಅತಿಯಾ ಜೋರಾಗಿ ಹೇಳಿದಳು. ಸಿದ್ದಮ್ಮ ಎರಡೂ ಕಾಲು ಮೇಲಿಟ್ಟು, ಕಂಬಿ ಹಿಡಿದು, ಸೀಟಿನಲ್ಲಿ ಕೂತ ಮೇಲೇ ಅವಳು ಪಕ್ಕಕ್ಕೆ ಸರಿದದ್ದು.